ಬ್ಯಾಗಿನಲ್ಲಿದ್ದ ಪೆಪ್ಪರ್ ಸ್ಪ್ರೇ

ಸಂಯುಕ್ತಾ,

ಬೆಂಗಳೂರಿನಿಂದ ನಾನು ತಂದುಕೊಟ್ಟಿದ್ದ ಪೆಪ್ಪರ್ ಸ್ಪ್ರೇಯನ್ನು ನಿನ್ನ ಬ್ಯಾಗಿನಿಂದ ತೆಗೆದಿದ್ದೇನೆ, ಹುಡುಕಬೇಡ. ಅಲ್ಲಿ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಇಲ್ಲಿ, ಈ ದೇಶದಲ್ಲಿ, ಅದನ್ನು ಇಟ್ಟುಕೊಳ್ಳುವುದು ಪಿಸ್ತೂಲು ಇಟ್ಟುಕೊಂಡ ಹಾಗೆಯೇ ಅಪರಾಧವಂತೆ. ಪಕ್ಕದ ಮನೆಯ ಜೂನ್ ಹೇಳಿದರು. ಸಿಕ್ಕಿಬಿದ್ದರೆ ನಿನ್ನ ಡಾಕ್ಟರ್ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಪೊಲೀಸರಿಗೆ ಫೋನ್ ಮಾಡಿದೆ, ಠಾಣೆಗೆ ತಂದುಕೊಡಿ ಎಂದರು. ಜೂನ್ ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಿದ್ದಾರೆ.

ಬ್ಯಾಗಿನಲ್ಲಿ ಈಗ ಜೂನ್ ಕೊಟ್ಟ ಅಲಾರಂ ಇದೆ. ಪಿನ್ ಎಳೆದರೆ ಕಿರುಚುತ್ತದೆ. ಫಾಲೋಫೀಲ್ಡ್ ಬಸ್ ಸ್ಟಾಪಿನಲ್ಲಿ ನಿನ್ನ ಹಿಂದೆ ಬಿದ್ದವನು ಮತ್ತೆ ಕಂಡರೆ ಬಸ್ಸಿನಿಂದ ಇಳಿಯಬೇಡ, ಡ್ರೈವರಿಗೆ ಹೇಳು. ಅವತ್ತು ನೀನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೆ ಡ್ರೈವರ್ ಬಸ್ಸು ನಿಲ್ಲಿಸಿಕೊಂಡಿದ್ದರಲ್ಲ.

ಸಾರು ಒಲೆಯ ಮೇಲಿದೆ, ಬಿಸಿಮಾಡಿಕೋ.

ಠಾಣೆಯಲ್ಲಿ, ತಂದವಳು ನಾನೇ ಎನ್ನುತ್ತೇನೆ. ಅದು ನಿಜವೇ. ನಿನ್ನ ಬ್ಯಾಗಿನಲ್ಲಿತ್ತು ಎನ್ನುವುದಿಲ್ಲ.

ಅಜ್ಜಿ