ಹಾಲ್‌ನಲ್ಲಿ ನಿಂತಿದ್ದ ಕಾಲು

ಮಾರ್ಚ್ 4, ಮಂಗಳವಾರ

ಬೇಕರಿಯಾಕೆಯ ಕಾಲು ಇವತ್ತು ಮುಗಿಯಿತು. ಕಾಲಿನ ಮೋಟು ಕೂರುವ ಸಾಕೆಟ್‌ನ ಅಂಚನ್ನು ಮತ್ತೊಮ್ಮೆ ಉಜ್ಜಿ ನುಣುಪು ಮಾಡಿದೆ. ಮೊಣಕಾಲಿನ ಕೆಳಗೆ ಒತ್ತುತ್ತದೆ ಎಂದು ಕಳೆದ ಸಲ ಹೇಳಿದ್ದಳು. ಬಣ್ಣವೂ ಹೊಂದಿದೆ. ಕೃತಕ ಕಾಲು ಮಾಡುವ ಕೆಲಸಕ್ಕೆ ಸೇರಿ ಇಷ್ಟು ವರ್ಷವಾಯಿತು. ಈಗಲೂ ಒಂದು ಕಾಲು ಮೇಜಿನ ಮೇಲೆ ತನ್ನಷ್ಟಕ್ಕೆ ನೆಟ್ಟಗೆ ನಿಂತರೆ ಒಂಥರಾ ಖುಷಿ. ನಾಳೆ ಅವಳ ಮನೆಗೇ ಒಯ್ದು ಹಾಕಿ ನೋಡಬೇಕು. ಅಪಘಾತವಾದಾಗಿನಿಂದ ಮುಚ್ಚಿದ ಬೇಕರಿ. ಸೋಮವಾರ ತೆರೆಯುತ್ತಾಳಂತೆ.

ಅಮ್ಮನ ಕಣ್ಣಿನ ಪೊರೆ ತೆಗೆಯಲು ಡಾಕ್ಟರ್ ಮುಂದಿನ ತಿಂಗಳು ಡೇಟ್ ಕೊಟ್ಟಿದ್ದಾರೆ. ಅಮ್ಮನಿಗೆ ಅವಸರವೇ ಇಲ್ಲ. "ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಜೀವಮಾನ ಎಲ್ಲ ಕಿವೀಲೇ ಕೆಲಸ ಮಾಡಿದೋಳು ನಾನು. ಕಣ್ಣಿಂದ ಆಗಬೇಕಾದ್ದು ಏನಿದೆ ಈಗ?" ದನಿ ಕೇಳಿದರೆ ಸಾಕು, ಆಸಾಮಿ ಎಂಥವನೆಂದು ಹೇಳಬಲ್ಲೆ ಎಂಬ ಜಂಬ ಬೇರೆ.

ಡ್ರಾಪ್ಸ್ ಮುಗಿದಿದೆ. ಬೆಳಿಗ್ಗೆ ತರಬೇಕು.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ವರ್ಕ್‌ಶಾಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಬರೆದರೆ ತಲೆ ತಿಳಿಯಾದೀತೇನೋ.

ಮೆಡಿಕಲ್ ಶಾಪ್ ಮುಂದೆ ಕಾರು ನಿಲ್ಲಿಸಿದೆ. ಚೀಟಿ ತೋರಿಸಿ ಡ್ರಾಪ್ಸ್ ತೆಗೆದುಕೊಂಡು ತಿರುಗಿ ಬರುವಷ್ಟರಲ್ಲಿ ಹಿಂದಿನ ಕಿಟಕಿ ಇಲ್ಲ. ಗಾಜು ಒಡೆದಿದೆ ಎಂದು ಹೊಳೆಯಲೇ ಇಲ್ಲ. ಗಾಜು ಇಳಿಸಿಯೇ ಬಂದುಬಿಟ್ಟೆನಾ ಅಂದುಕೊಂಡೆ. ಬಗ್ಗಿ ನೋಡಿದರೆ ಸೀಟಿನ ತುಂಬ ಚೂರು. ದೊಡ್ಡ ಕಪ್ಪು ಬ್ಯಾಗ್ ಇಲ್ಲ. ಅದರೊಳಗೆ ಬೇಕರಿಯಾಕೆಯ ಕಾಲು. ನನ್ನ ವರ್ಕ್‌ಶಾಪಿನ ಐಡಿ ಕಾರ್ಡ್, ಮನೆ ವಿಳಾಸ ಸಮೇತ. ಮನೆ ಬೀಗದ ಇನ್ನೊಂದು ಕೀ.

ಹಾಡುಹಗಲು. ರಸ್ತೆ ತುಂಬ ಜನ. "ಟಪ್ ಅಂತ ಏನೋ ಸದ್ದಾಯ್ತು ಮೇಡಂ. ಟೈರ್ ಇರ್ಬೇಕು ಅಂದ್ಕೊಂಡೆ" ಅಂದ ಅಂಗಡಿಯವನು. ನನಗೆ ಅದೂ ಕೇಳಿಸಿರಲಿಲ್ಲ.

ಸ್ಟೇಷನ್‌ನಲ್ಲಿ ಇನ್‌ಸ್ಪೆಕ್ಟರ್ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ತಾವೇ ಬರೆದುಕೊಂಡರು.

"ಕಳುವಾಗಿದ್ದು ಏನು?"

"ಕಾಲು."

ಪೆನ್ನು ನಿಂತಿತು. "ಯಾರ್ದು?"

ನಗಬೇಕಾದ ಮಾತು. ಇಬ್ಬರೂ ನಗಲಿಲ್ಲ.

ಬೇಕರಿಯಾಕೆಗೆ ಫೋನ್ ಮಾಡಲು ಧೈರ್ಯ ಬರಲು ಬಹಳ ಹೊತ್ತು ಹಿಡಿಯಿತು. ಹೇಳಿದೆ. "ನನ್ ಕಾಲು ತಗೊಂಡು ಓಡಿದ್ನಾ? ಓಡ್ಲಿ ಬಿಡಿ. ನನಗಿಂತ ಅವನೇ ಚೆನ್ನಾಗಿ ಓಡ್ತಾನೆ." ನಗಲು ನೋಡಿದಳು. ಅರ್ಧಕ್ಕೇ ನಿಲ್ಲಿಸಿದಳು. "ಸೋಮವಾರ ತೆಗೀತೀನಿ ಅಂತ ಬೋರ್ಡ್ ಹಾಕ್ಬಿಟ್ಟಿದೀನಲ್ಲ ಮೇಡಂ."

ಅದೇ ದಿನ, ಸಂಜೆ

ಬೀಗ ರಿಪೇರಿಯವನನ್ನು ಕರೆದುಕೊಂಡೇ ಮನೆಗೆ ಹೋದೆ. ಹೊಸ ಬೀಗ, ದಪ್ಪನೆಯದು. ಅಮ್ಮ ಯಾಕೆ ಎಂದು ಕೇಳಿದಳು. ಹಳೆಯದು ಹಿಡಿದುಕೊಳ್ಳುತ್ತಿತ್ತು ಎಂದೆ. ಕಾರು ಎಲ್ಲಿ ಎಂದಳು. ಸರ್ವಿಸಿಗೆ ಬಿಟ್ಟಿದ್ದೇನೆ ಎಂದೆ. ಸುಮ್ಮನೆ ಅವಳ ಬಿ.ಪಿ. ಯಾಕೆ ಏರಿಸಬೇಕು. ಬೀಗ ಬದಲಾಯಿತಲ್ಲ, ಇನ್ನೇನು.

ಮಾರ್ಚ್ 6, ಗುರುವಾರ

ಬೇಕರಿಯಾಕೆಯ ಅಚ್ಚು ಇನ್ನೂ ಇದೆ, ಪುಣ್ಯಕ್ಕೆ. ಹೊಸ ಕಾಲು ಶುರು ಮಾಡಿದೆ. ಸೋಮವಾರಕ್ಕಂತೂ ಆಗದು. ಕೆಲಸ ಮಾಡುತ್ತಾ ಮಾಡುತ್ತಾ ಒಂದೇ ಯೋಚನೆ: ಅವನು ಆ ಬ್ಯಾಗ್ ಎಲ್ಲಿ ಬಿಚ್ಚಿ ನೋಡಿರಬಹುದು? ಒಳಗಿಂದ ಒಂದು ಪಾದ ಹೊರಬಂದಾಗ ಅವನ ಮುಖ ಹೇಗಾಗಿರಬಹುದು? ಬೆಚ್ಚಿಬಿದ್ದು ಎಲ್ಲೋ ಎಸೆದಿರುತ್ತಾನೆ. ಕಸದ ತೊಟ್ಟಿ ಕಂಡಲ್ಲೆಲ್ಲ ಇಣುಕುತ್ತಾ ಮನೆಗೆ ಬಂದೆ.

ಮಾರ್ಚ್ 7, ಶುಕ್ರವಾರ

ಸಂಜೆ ಬಾಗಿಲು ತೆರೆದರೆ ಹಾಲ್‌ನಲ್ಲಿ ಕಾಲು ನಿಂತಿತ್ತು.

ಸೋಫಾಕ್ಕೆ ಒರಗಿಕೊಂಡು. ಯಾರೋ ಬಿಚ್ಚಿಟ್ಟು ಒಳಗೆ ಮಲಗಲು ಹೋದ ಹಾಗೆ.

ಮೊದಲು ಆದದ್ದು ಸಂತೋಷ. ಓಡಿಹೋಗಿ ಎತ್ತಿಕೊಂಡೆ. ತಿರುಗಿಸಿ ನೋಡಿದೆ. ಒಂದು ಗೀರೂ ಇಲ್ಲ. ಸೋಮವಾರ ಬೇಕರಿ ತೆರೆಯುತ್ತದೆ ಅಂದುಕೊಂಡೆ. ಪಟ್ಟಿ ಬಿಗಿಯಾಗಿದೆಯಾ ಎಂದು ಎಳೆದೂ ನೋಡಿದೆ. ಆಮೇಲೆ ಬಾಗಿಲಿನ ಹೊಸ ಬೀಗ ನೋಡಿದೆ. ಇದು ಒಳಗೆ ಹೇಗೆ ಬಂತು?

"ಅಮ್ಮಾ, ಯಾರು ಬಂದಿದ್ರು?"

"ನಿನ್ನ ವರ್ಕ್‌ಶಾಪಿನವನು. ಹೊಸಬನಂತೆ. ಒಳ್ಳೇ ಮನುಷ್ಯ ಕಣೇ, ದೊಡ್ಡಮ್ಮಾ ದೊಡ್ಡಮ್ಮಾ ಅಂತ ಬಾಯ್ತುಂಬ ಕರೆದ."

ಮಧ್ಯಾಹ್ನ ಬಂದನಂತೆ. ಹೊಸ ಬೀಗಕ್ಕೆ ಅವನು ಕೈ ಹಚ್ಚಿಯೇ ಇಲ್ಲ. ಬೆಲ್ ಒತ್ತಿದ. ಅಮ್ಮನೇ ಬಾಗಿಲು ತೆಗೆದಳು. ಕೈಯಲ್ಲಿ ಕಾಲು ಹಿಡಿದು ನಿಂತವನನ್ನು ಅವಳು ಇನ್ಯಾರೆಂದುಕೊಳ್ಳಬೇಕು? ಮೇಡಂ ಕಳಿಸಿದ್ರು, ಇದನ್ನ ಇಲ್ಲಿಟ್ಟು ಅವರ ಲ್ಯಾಪ್‌ಟಾಪ್ ತರ್ಬೇಕಂತೆ, ಅಳತೆ ಎಲ್ಲ ಅದರಲ್ಲಿದೆಯಂತೆ... ಅಮ್ಮ ತಾನೇ ತಂದು ಕೈಗಿಟ್ಟಿದ್ದಾಳೆ. ತಡವರಿಸಿ ಚಾರ್ಜರನ್ನೂ ಹುಡುಕಿ ಕೊಟ್ಟಿದ್ದಾಳೆ. ಬಿಸಿಲಲ್ಲಿ ಬಂದಿದ್ದಾನೆ ಪಾಪ ಎಂದು ಟೀ ಮಾಡಲು ಅಡಿಗೆಮನೆಗೆ ಹೋಗಿದ್ದಾಳೆ. ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟು, ಹೋಗಿದ್ದಾನೆ.

ಬೀರು ತೆರೆದೆ. ಅಮ್ಮನ ಬಳೆಗಳಿಲ್ಲ. ಅಪ್ಪನ ವಾಚ್ ಇಲ್ಲ. ಬಟ್ಟೆಗಳ ಮಡಿಕೆ ಕೂಡ ಕೆಟ್ಟಿಲ್ಲ.

"ಅಮ್ಮಾ, ಅವನು ಕಳ್ಳ."

"ಸುಮ್ನಿರೇ. ಕಳ್ಳ ಯಾಕೆ ಕಾಲು ತಂದ್ಕೊಡ್ತಾನೆ?"

ಆಗ ಹೇಳಲೇಬೇಕಾಯಿತು. ಗಾಜು, ಬ್ಯಾಗು, ಐಡಿ ಕಾರ್ಡು, ಬೀಗ. ಎಲ್ಲ. ಅಮ್ಮ ಕೈಯಿಂದ ತಡವಿ ಕುರ್ಚಿ ಹುಡುಕಿ ಕೂತಳು.

"ಬುಧವಾರಾನೇ ಗೊತ್ತಿತ್ತಾ ನಿನಗೆ?"

"ನೀನು ಗಾಬರಿ ಆಗ್ತೀಯ ಅಂತ..."

"ಗಾಬರಿ ಆಗಿದ್ರೆ ಬಾಗಿಲು ತೆಗೀತಿರ್ಲಿಲ್ಲ ಕಣೇ."

ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು.

ಮಾರ್ಚ್ 8, ಶನಿವಾರ

ಇನ್‌ಸ್ಪೆಕ್ಟರ್ ಮನೆಗೆ ಬಂದಿದ್ದರು. ಬೆರಳಚ್ಚಿನವರು ಬಾಗಿಲು, ಬೀರು, ಕಪ್ಪು, ಎಲ್ಲದಕ್ಕೂ ಪುಡಿ ಹಚ್ಚಿದರು. ಕಾಲಿಗೂ. ಸಿಕ್ಕಿದ್ದು ನನ್ನವು, ಅಮ್ಮನವು. ಬೈಕ್ ಓಡಿಸುವವರ ಗ್ಲೌಸ್ ಹಾಕಿಕೊಂಡಿದ್ದನಂತೆ, ಟೀ ಕುಡಿಯುವಾಗಲೂ ಬಿಚ್ಚಲಿಲ್ಲವಂತೆ. ಅದು ಅಮ್ಮನಿಗೆ ಈಗ ನೆನಪಾಗುತ್ತಿದೆ. ಕಪ್ಪು ಕೊಡುವಾಗ ಬೆರಳು ಒರಟಾಗಿ ತಾಕಿತಂತೆ.

"ಬೀಗ ಬದಲಾಗಿದ್ದು ನೋಡಿರ್ತಾನೆ" ಅಂದರು ಇನ್‌ಸ್ಪೆಕ್ಟರ್. "ನೀವು ಹೊರಗೆ ಹೋಗೋದನ್ನೂ ನೋಡಿರ್ತಾನೆ. ಅದಕ್ಕೇ ಬೆಲ್ ಮಾಡಿದಾನೆ."

ಅಂದರೆ ನಾನು ಕಸದ ತೊಟ್ಟಿಗಳಲ್ಲಿ ಇಣುಕುತ್ತಾ ನಡೆಯುತ್ತಿದ್ದಾಗ ಅವನು ಎಲ್ಲೋ ನಿಂತು ನನ್ನನ್ನೇ ನೋಡುತ್ತಿದ್ದ.

ಕಾಲು ಸಾಕ್ಷ್ಯವಂತೆ. ಸೀಲ್ ಮಾಡಿ ಸ್ಟೇಷನ್ನಿಗೆ ಒಯ್ದರು. ಬೇಕರಿಯಾಕೆಗೆ ವಿಷಯ ತಿಳಿಸಿದೆ. ಸಂಜೆ ನಾನು ಹೇಳಿಕೆ ಬರೆಸಲು ಹೋಗಿದ್ದಾಗ ಊರುಗೋಲು ಊರಿಕೊಂಡು ಅವಳೂ ಸ್ಟೇಷನ್ನಿಗೇ ಬಂದಳು. ಬಾಗಿಲಲ್ಲೇ ನಿಂತು ಕೇಳಿದಳು. "ನನ್ ಕಾಲನ್ನ ಒಳಗೆ ಹಾಕಿದೀರಂತೆ. ಅದೇನು ತಪ್ಪು ಮಾಡಿದೆ ಅಂತ ತಿಳ್ಕೊಂಡು ಹೋಗೋಣ ಅಂತ ಬಂದೆ."

ಪೇದೆಯೊಬ್ಬ ಮುಖ ತಿರುಗಿಸಿಕೊಂಡು ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ. ಆದರೆ ಎಲ್ಲ ಕಡೆಯಿಂದ ಫೋಟೋ ತೆಗೆಸಿ, ಅವಳ ಸಹಿ ಹಾಕಿಸಿಕೊಂಡು, ಕೇಸ್ ಮುಗಿಯುವ ತನಕ ಕರೆದಾಗ ತಂದು ತೋರಿಸಬೇಕು ಎಂದು ಹೇಳಿ ಕೊಟ್ಟುಬಿಟ್ಟರು. ಅಲ್ಲೇ ಬೆಂಚಿನ ಮೇಲೆ ಕೂರಿಸಿ ಹಾಕಿದೆ. ನನ್ನ ಭುಜ ಹಿಡಿದು ಎದ್ದಳು. ಭುಜ ಬಿಟ್ಟಳು. ಗೋಡೆಯ ತನಕ ಹೋಗಿ ತಿರುಗಿ ಬಂದಳು. ಸ್ಟೇಷನ್ ಪೂರ್ತಿ ಕೆಲಸ ಬಿಟ್ಟು ನೋಡುತ್ತಿತ್ತು.

ಮಾರ್ಚ್ 10, ಸೋಮವಾರ

ಬೇಕರಿ ತೆರೆಯಿತು. ಒಲೆಯ ಮುಂದೆ ನಿಂತೇ ಇದ್ದಳು. ಒತ್ತುತ್ತಿಲ್ಲವಂತೆ.

ಅಮ್ಮನನ್ನು ಕರೆದೆ. ಬರಲಿಲ್ಲ. ಮನೆ ಬಿಟ್ಟು ಬರುವುದು ಹೇಗೆ ಎಂದಳು.

ಮಾರ್ಚ್ 19, ಬುಧವಾರ

ಬರೆಯದೆ ಇಷ್ಟು ದಿನವಾಯಿತು. ಏನಂತ ಬರೆಯುವುದು.

ಅಮ್ಮ ಬೆಲ್‌ನ ವೈರ್ ಕಿತ್ತುಹಾಕಿಸಿದ್ದಾಳೆ. ನಾನು ಹೊರಟ ಮೇಲೆ ಬಾಗಿಲಿಗೆ ಕುರ್ಚಿ ಒರಗಿಸಿ ಅದರ ಮೇಲೇ ಕೂರುತ್ತಾಳೆ. ಫೋನ್ ಎತ್ತುವುದಿಲ್ಲ. ಒಂದು ಕಾಲಕ್ಕೆ ಊರಿಗೇ ಫೋನ್ ಜೋಡಿಸಿಕೊಡುತ್ತಿದ್ದವಳು. ಎದುರುಮನೆಯ ಟೈಲರ್ ಅಳತೆಯ ಬಟ್ಟೆ ಕೇಳಲು ಬಂದು, ಬಾಗಿಲು ತಟ್ಟಿ ತಟ್ಟಿ, ವಾಪಸ್ ಹೋಗಿದ್ದಾನೆ. ಅವನ ದನಿ ಅವಳಿಗೆ ಎಷ್ಟೋ ವರ್ಷದಿಂದ ಗೊತ್ತು.

"ಟೈಲರ್ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಅಂತ್ಲೇ ಅನಿಸ್ತು" ಅಂದಳು. "ಅವತ್ತೂ ಹಾಗೇ ಅನಿಸಿತ್ತಲ್ಲ."

ಮಾರ್ಚ್ 24, ಸೋಮವಾರ

ಪಾರ್ಕಿಂಗ್‌ನಲ್ಲಿ ಕಾರುಗಳೊಳಗೆ ಇಣುಕುತ್ತಿದ್ದವನೊಬ್ಬನನ್ನು ಹಿಡಿದಿದ್ದಾರೆ. ಮೈಮೇಲೆ ಏನೂ ಸಿಕ್ಕಿಲ್ಲ. ಅಮ್ಮ ಗುರುತಿಸಿದರೆ ಮಾತ್ರ ಕೇಸ್ ನಿಲ್ಲುತ್ತದೆ. ಇಲ್ಲವಾದರೆ ಬಿಡಬೇಕಾಗುತ್ತದೆ ಎಂದರು ಇನ್‌ಸ್ಪೆಕ್ಟರ್.

ಅಮ್ಮನಿಗೆ ಮುಖ ಕಾಣದು. ಹಾಗಾಗಿ ಪಕ್ಕದ ಕೋಣೆಯಲ್ಲಿ ಕೂರಿಸಿ ಬಾಗಿಲು ಅರ್ಧ ತೆರೆದಿಟ್ಟರು. ಆ ಕಡೆ ಐದು ಜನ ಗಂಡಸರು. ಒಬ್ಬೊಬ್ಬರೂ ಒಂದೇ ಮಾತು ಹೇಳಬೇಕು. "ದೊಡ್ಡಮ್ಮಾ, ಮೇಡಂ ಕಳಿಸಿದ್ರು."

ಒಬ್ಬ ಹೇಳಿದ. ಇನ್ನೊಬ್ಬ ಹೇಳಿದ. ಐದು ಸಲ ಅದೇ ಮಾತು, ಆ ಅರೆತೆರೆದ ಬಾಗಿಲಿನಿಂದ. ನನಗೇ ಎದ್ದು ಓಡಬೇಕು ಅನಿಸಿತು. ನಾಲ್ಕನೆಯವನು ಬಾಯಿ ತೆರೆದಾಗ ಅಮ್ಮನ ಬೆರಳುಗಳು ನನ್ನ ಕೈಯೊಳಗೆ ಬಿಗಿದುಕೊಂಡವು. ಉಗುರು ನಾಟಿತು.

"ಇವರಲ್ಲಿ ಅವನು ಇದಾನಾ ಅಮ್ಮಾ?" ಕೇಳಿದರು ಇನ್‌ಸ್ಪೆಕ್ಟರ್.

"ಇಲ್ಲ. ಇವರಲ್ಲಿ ಇಲ್ಲ."

"ಇನ್ನೊಂದ್ಸಲ ಹೇಳಿಸ್ಲಾ?"

"ಬೇಡಮ್ಮ. ನನಗೆ ದನಿ ಮರೆಯೋದಿಲ್ಲ. ಇಲ್ಲ."

ಕಾರಿನಲ್ಲಿ, ನಾನು ಏನೂ ಕೇಳದೆಯೇ, "ನಾಲ್ಕನೆಯವನು" ಅಂದಳು.

"ಮತ್ತೆ ಯಾಕಮ್ಮ..."

"ಅವನಿಗೆ ನಮ್ಮನೆ ಗೊತ್ತು. ನೀನು ಯಾವಾಗ ಹೋಗ್ತೀಯ, ನಾನು ಎಲ್ಲಿ ಕೂತ್ಕೊಳ್ತೀನಿ, ಎಲ್ಲ ಗೊತ್ತು. ಹೌದು ಅನ್ನೋಣ ಅಂತ್ಲೇ ಬಾಯಿ ತೆಗೆದೆ. ಇಲ್ಲ ಅಂತ ಬಂತು."

ಸ್ಟೇಷನ್ ಇನ್ನೂ ಕನ್ನಡಿಯಲ್ಲಿ ಕಾಣುತ್ತಿತ್ತು. ಕಾರು ತಿರುಗಿಸಬಹುದಿತ್ತು. ಹಿಂದಿನವನು ಹಾರ್ನ್ ಹೊಡೆದ. ಮುಂದಕ್ಕೆ ಬಿಟ್ಟೆ.

ಮಾರ್ಚ್ 26, ಬುಧವಾರ

ಬಿಟ್ಟರಂತೆ ಅವನನ್ನು. ಇನ್‌ಸ್ಪೆಕ್ಟರ್ ಫೋನ್ ಮಾಡಿ ಹೇಳಿದರು. ಸರಿ ಅಂದೆ. ಥ್ಯಾಂಕ್ಸ್ ಕೂಡ ಹೇಳಿದೆ. ಯಾಕೆ ಹೇಳಿದೆನೋ.

ಏಪ್ರಿಲ್ 2, ಬುಧವಾರ. ಬೆಳಿಗ್ಗೆ

ಇನ್‌ಸ್ಪೆಕ್ಟರ್ ಫೋನ್. ಸ್ಪೀಕರಿನಲ್ಲಿಟ್ಟು ಬ್ರೆಡ್ ಕೊಯ್ಯುತ್ತಿದ್ದೆ. ಅಮ್ಮ ಮೇಜಿನ ಆಚೆ.

ಹಿಂದಿನ ಬೀದಿಯ ರಿಟೈರ್ಡ್ ನರ್ಸ್. ಒಬ್ಬರೇ ಇರುವವರು. ಸೋಮವಾರ ಅವರ ಕಾರಿನ ಗಾಜು ಒಡೆದು ಬ್ಯಾಗ್ ಒಯ್ದಿದ್ದಾರೆ. ನಿನ್ನೆ ಮಧ್ಯಾಹ್ನ ಅವರದೇ ಬಿ.ಪಿ. ನೋಡುವ ಮಷೀನ್ ಹಿಡಿದುಕೊಂಡು ಒಬ್ಬ ಬಾಗಿಲಿಗೆ ಬಂದಿದ್ದಾನೆ. ದಾರಿಯಲ್ಲಿ ಸಿಕ್ಕಿತು ದೊಡ್ಡಮ್ಮಾ ಎಂದನಂತೆ. ಅವರಿಗೆ ಅನುಮಾನ ಬಂದು ಕೂಗಿಕೊಂಡಿದ್ದಾರೆ. ಅವನು ತಳ್ಳಿದ್ದಾನೆ. ಮೆಟ್ಟಿಲ ಮೇಲೆ ಬಿದ್ದಿದ್ದಾರೆ. ಸೊಂಟದ ಮೂಳೆ ಮುರಿದಿದೆ. ಇವತ್ತು ಆಪರೇಷನ್.

"ಅವನು ಸಿಕ್ಕಿಲ್ಲ" ಅಂದರು. "ನಿಮ್ಮನೇಗೂ ದೊಡ್ಡಮ್ಮಾ ಅಂತ್ಲೇ ಬಂದಿದ್ನಲ್ಲ, ಅದಕ್ಕೇ ಕೇಳ್ತಿದೀನಿ. ನಿಮ್ ತಾಯಿಯವರಿಗೆ ಬೇರೆ ಏನಾದ್ರೂ ನೆನಪಿದ್ರೆ..."

ಆಮೇಲೆ ಕರೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ. ಚಾಕು ಕೈಯಲ್ಲೇ ಇತ್ತು.

ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಮೆಟ್ಟಿಲ ಮೇಲೆ ಅಂದ್ರಾ?"

"ಹೂಂ."

ಎದ್ದು ಕೋಣೆಗೆ ಹೋದಳು. ಬೀರು ತೆಗೆದ ಸದ್ದು. ಹೊರಗೆ ಹೋಗುವ ಬಟ್ಟೆ ಉಟ್ಟು ಬಂದಳು.

"ಇನ್ನೂ ಹಿಡಿದಿಲ್ಲಮ್ಮ ಅವನನ್ನ. ಈಗ ಹೋಗಿ ಏನು..."

"ಯಾರನ್ನ ಹುಡುಕ್ಬೇಕು ಅಂತ ಅವರಿಗೆ ಗೊತ್ತಾಗ್ಬೇಕಲ್ಲ. ನಾಲ್ಕನೆಯವನು ಅಂತ ಹೇಳ್ಬೇಕು. ಅವತ್ತು ಸುಳ್ಳು ಹೇಳಿದೆ ಅಂತಾನೂ ಹೇಳ್ಬೇಕು. ಬೈದ್ರೆ ಬೈಸ್ಕೊಳ್ಳೋದು."

"ನನಗೂ ಅವತ್ತೇ ಗೊತ್ತಾಯ್ತಲ್ಲ. ಸುಮ್ನಿದ್ದೆನಲ್ಲ ನಾನೂ."

"ನಿನ್ನದು ನೀನು ಹೇಳ್ಕೋ. ಆಮೇಲೆ ಆಸ್ಪತ್ರೆ. ಆಯಮ್ಮನ ಮುಂದೆ ಹೇಗೆ ನಿಲ್ತೀನೋ, ನಿಲ್ಲಲೇಬೇಕು."

ಒಂದು ನಿಮಿಷ ಎಂದು ಈ ಡೈರಿ ತೆಗೆದುಕೊಂಡು ಕೂತೆ. ಸ್ಟೇಷನ್‌ನಲ್ಲಿ ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದುಕೊಂಡರೆ ಅಲ್ಲಿ ತಡವರಿಸಲಾರೆ. ಅಮ್ಮ ಬಾಗಿಲ ಮುಂದಿನ ಕುರ್ಚಿ ತಾನೇ ಎಳೆದು ಪಕ್ಕಕ್ಕಿಟ್ಟಳು. ಬಾಗಿಲು ಪೂರ್ತಿ ತೆರೆದಿದ್ದಾಳೆ. ಹೊರಗೆ ಬಿಸಿಲಲ್ಲಿ ನಿಂತು, "ಬರ್ತೀಯೇನೇ, ಇಲ್ಲ ನಾನೇ ಆಟೋ ಹಿಡೀಲಾ" ಎಂದು—