ಉಜ್ಜಿದರೂ ಹೋಗದ ಬಣ್ಣ

ಹದಿನಾಲ್ಕನೇ ತಾರೀಖು, ಮಂಗಳವಾರ

ಪುಟ್ಟಿ,

ನಿನಗೂ ನಿನ್ನ ಯಜಮಾನರಿಗೂ ಅಕ್ಕನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ.

ನೂಲಿಗೆ ಬಣ್ಣ ಹಾಕುವ ನಮ್ಮ ಮನೆಯಲ್ಲಿ ಮೈಮೇಲೆ ಕಲೆ ಕಂಡರೆ ಯಾರು ಹೆದರುತ್ತಾರೆ? ಒದ್ದೆ ನೂಲಿನ ಲಡಿಯನ್ನು ಎದೆಗೊತ್ತಿಕೊಂಡು ಹಿಂಡುವವರು ನಾವು; ನೀನೂ ಮದುವೆಯ ತನಕ ನಮ್ಮಲ್ಲೇ ಇದ್ದು ಹಿಂಡಿದವಳೇ. ಎಡ ಮೊಲೆಯ ತೊಟ್ಟಿನ ಸುತ್ತ ಕಪ್ಪಾದಾಗ ಬಣ್ಣ ಕೂತಿದೆ ಅಂದುಕೊಂಡು ಎಂಟು ತಿಂಗಳು ನಿಂಬೆಹಣ್ಣು, ಸೋಡಾ ಹಾಕಿ ಉಜ್ಜಿದೆ. ತುರಿಸಿತು, ಸಿಪ್ಪೆ ಎದ್ದಿತು. ಉಜ್ಜಿದ್ದು ಹೆಚ್ಚಾಯಿತೆಂದು ಎಣ್ಣೆ ಹಚ್ಚಿದೆ. ಒಳಂಗಿಗೆ ರಕ್ತ ಹತ್ತಿದ ಮೇಲೆ ಆಸ್ಪತ್ರೆಗೆ ಹೋದೆ.

ಮೊದಲು ನೋಡಿದ ಡಾಕ್ಟರು ಮಚ್ಚೆಯ ಕ್ಯಾನ್ಸರ್ ಇರಬಹುದೆಂದು ಚೂರು ಚರ್ಮ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಹನ್ನೆರಡು ದಿನ ಕಾದೆ. ಆಮೇಲೆ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು: "ಇದು ಮಚ್ಚೇದಲ್ಲಮ್ಮ, ಸ್ತನದ ಕ್ಯಾನ್ಸರ್ರೇ. ಒಳಗಿಂದ ತೊಟ್ಟಿಗೆ ಬಂದಿದೆ. ಚರ್ಮದ ಕಪ್ಪನ್ನ ಆ ಕಣಗಳು ಹೀರ್ಕೊಂಡಿವೆ, ಅದಕ್ಕೇ ಹೀಗೆ ಕಾಣೋದು. ಅಪರೂಪ." ಬಣ್ಣ ಹೀರುವುದು ನೂಲು ಮಾತ್ರ ಅಂದುಕೊಂಡಿದ್ದೆ ಕಣೇ. ನಮ್ಮ ಬಣ್ಣದ್ದೇನಾ ಈ ಕಲೆ ಎಂದು ಕೇಳಿದೆ. ಅಲ್ಲವೇ ಅಲ್ಲ ಅಂದರು.

ನಿನ್ನ ಭಾವನ ತಲೆಗೆ ಅದು ಹೋಗುವುದಿಲ್ಲ. "ಯಾರ ಹತ್ರಾನೂ ಬಾಯಿ ಬಿಡ್ಬೇಡ. ಬಣ್ಣದಿಂದಲೇ ಬಂತು ಅಂತಾರೆ, ನಾಳೆ ಒಬ್ರೂ ನೂಲು ಕೊಡಲ್ಲ" ಅನ್ನುತ್ತಾರೆ. ಕೆಲಸದವರಿಗೆ ನನ್ನದು ಬೆನ್ನುನೋವು ಎಂದು ಹೇಳಿಯಾಗಿದೆ. ಹಾಗಾಗಿ ಮಹಡಿಯ ಕೋಣೆಯಲ್ಲೇ ಇದ್ದೇನೆ. ಕೆಳಗೆ ಬಣ್ಣದ ಹಂಡೆ ಕುದಿಯುವುದು, ಹೆಂಗಸರು ನಗುವುದು ಕೇಳಿಸುತ್ತದೆ, ಇಳಿಯುವ ಹಾಗಿಲ್ಲ. ಕಿಟಕಿಗೂ ಒಣಹಾಕಿದ ಲಡಿಗಳೇ ಅಡ್ಡ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡು ಕೂತಿದ್ದೇನೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಆಪರೇಷನ್ ಸೋಮವಾರ. ಹೆದರಿಕೆ ಇದೆ, ಸುಳ್ಳೇಕೆ ಹೇಳಲಿ. ಅವರಿಗೂ ಇದೆ. ನಿನ್ನೆ ನನ್ನ ತಲೆ ಬಾಚಲು ಬಂದು, ಇಲ್ಲದ ಸಿಕ್ಕು ಬಿಡಿಸುತ್ತ ಬಹಳ ಹೊತ್ತು ಹಿಂದೆಯೇ ನಿಂತಿದ್ದರು.

ನಾಳೆ ರಕ್ತಪರೀಕ್ಷೆಗೆಂದು ಆಸ್ಪತ್ರೆಗೆ ಹೋಗುವಾಗ ಈ ಕಾಗದವನ್ನು ನಾನೇ ಡಬ್ಬಿಗೆ ಹಾಕುತ್ತೇನೆ. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಕ್ಕ

ತಾ.ಕ.: ಇದನ್ನು ಬರೆಯಲಾಗದೆಯೇ ಇಷ್ಟು ದಿನ ಕಾಗದ ಬರೆಯಲಿಲ್ಲ. ಹೋದ ಸಲ ಬಂದಾಗ ಬಚ್ಚಲಲ್ಲಿ ನೀನು ನಿನ್ನ ಎದೆಯ ಕಪ್ಪು ಕಲೆ ತೋರಿಸಿದೆಯಲ್ಲ, ನಾನು ನಕ್ಕುಬಿಟ್ಟೆ. "ಅಕ್ಕನ ಮನೆ ಬಣ್ಣ ಕಣೇ, ಅಷ್ಟು ಸುಲಭಕ್ಕೆ ಬಿಡುತ್ತಾ" ಅಂದು ನಿಂಬೆಹಣ್ಣು ಕೈಗಿಟ್ಟೆ. ಆಗಲೇ ನೀನು ಹಂಡೆ ಬಿಟ್ಟು ಮೂರು ವರ್ಷವಾಗಿತ್ತು. ಮೈಮೇಲೆ ಮೂರು ವರ್ಷ ನಿಲ್ಲುವ ಬಣ್ಣ ನಮ್ಮಲ್ಲಿ ಯಾವುದೂ ಇಲ್ಲ ಪುಟ್ಟಿ. ಇನ್ನು ಉಜ್ಜಬೇಡ. ಇವತ್ತೇ ಹೋಗಿ ತೋರಿಸು.