ಹೆಸರಿಲ್ಲದ ಜೋಳ, ಹದಿನಾಲ್ಕು ಮಂದಿಯ ಸಭೆ

ಮಾನ್ಯ ಜಿಲ್ಲಾ ಮೇಲ್ವಿಚಾರಕರೇ,

ಏಪ್ರಿಲ್ ತಿಂಗಳ ಎರಡನೆಯ ಭಾನುವಾರ, ಆರಾಧನೆ ಮುಗಿದ ಮೇಲೆ, ತಮ್ಮ ಆದೇಶವನ್ನು ನಮ್ಮಲ್ಲಿ ಓದಲಾಯಿತು: ಶಹಾಬಾದ ಸಮೀಪದ ಈ ಮೆಥಡಿಸ್ಟ್ ಸಭೆಯಲ್ಲಿ ಕಾಣಿಕೆ ಕೊಡುವ ಸದಸ್ಯರು ಹದಿನಾಲ್ಕೇ ಮಂದಿ ಇರುವುದರಿಂದ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಸೇವಕಿ ಮರೆಮ್ಮನವರನ್ನು ಜೂನ್ ಕೊನೆಗೆ ಚಿಂಚೋಳಿ ಕಡೆಗೆ ವರ್ಗಾಯಿಸಲಾಗಿದೆ. ಅದನ್ನು ಕೇಳಲು ಎಂಬತ್ತಕ್ಕೂ ಹೆಚ್ಚು ಜನ ಚಾಪೆಯ ಮೇಲೆ ಕುಳಿತಿದ್ದರು. ಇಲ್ಲದ ಜನ ಇಷ್ಟು ಒತ್ತೊತ್ತಾಗಿ ಕುಳಿತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಆದೇಶ ಓದಿದವನು ನಾನೇ. ಹದಿನಾಲ್ಕು ಎಂದು ಬರೆದು ಕಳಿಸಿದ ಮಹಾನುಭಾವನೂ ನಾನೇ. ಚಿತ್ತಾಪುರದಲ್ಲಿ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತನಾದವನು; ಯಾವ ವಾರ್ಷಿಕ ಸಮ್ಮೇಳನದಲ್ಲಿ ಯಾವ ಠರಾವು ಬಿದ್ದುಹೋಯಿತೆಂದು ಕೇಳದಿದ್ದರೂ ಹೇಳುವವನು.

ನಮ್ಮಲ್ಲಿ ಹಿಟ್ಟಿಗೆ ಜೋಳ ತೆಗೆಯುವಾಗಲೆಲ್ಲ ಮನೆಯ ಹೆಂಗಸು ಒಂದು ಹಿಡಿ ಬೇರೆ ಇಡುತ್ತಾಳೆ. ಭಾನುವಾರ ಅದು ಗುಡಿಬಾಗಿಲ ಪಕ್ಕದ ಡಬ್ಬಕ್ಕೆ ಬೀಳುತ್ತದೆ. ಯಾರದೆಷ್ಟೆಂದು ಯಾರೂ ನೋಡುವುದಿಲ್ಲ, ಬರೆಯುವುದೂ ಇಲ್ಲ. ಖಣಿಯಲ್ಲಿ ಕೆಲಸ ಸಿಗದ ವಾರ ಅರ್ಧ ಹಿಡಿ ತಂದವಳು ತಲೆ ತಗ್ಗಿಸಬಾರದೆಂದು ನಮ್ಮ ಅಜ್ಜಿಯರು ಮಾಡಿಟ್ಟ ಕಟ್ಟಳೆ ಅದು. ಸದಸ್ಯರ ಲೆಕ್ಕ ಕೇಳಿ ತಾವು ಕಳಿಸಿದ ನಮೂನೆಯಲ್ಲಿ ‘ಕಾಣಿಕೆ ಕೊಟ್ಟವರ ಹೆಸರು’ ಎಂಬ ಅಂಕಣವಿತ್ತು. ಲಕೋಟೆಯ ಮೇಲೆ ಹೆಸರು ಬರೆದು ಕೊಡುವವರು, ಅಂದರೆ ನಾವು ಪಿಂಚಣಿಯವರು ಮತ್ತು ಸಿಮೆಂಟ್ ಕಾರ್ಖಾನೆಯ ಕಾಯಂ ನೌಕರರು, ಹದಿನಾಲ್ಕು ಮಂದಿ. ಅವರನ್ನು ಬರೆದೆ. ಜೋಳದವರ ಹೆಸರು ಕೇಳಿದರೆ ಕಟ್ಟಳೆ ಮುರಿದಂತೆ ಎಂದು ಉಳಿದ ಹಾಳೆಯನ್ನು ಖಾಲಿ ಬಿಟ್ಟೆ. ಎಂಥ ತತ್ತ್ವನಿಷ್ಠೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಪಟ್ಟಿಯ ಮೊದಲ ಹೆಸರು ಯಾರದೆಂದು ತಾವು ಊಹಿಸಬಲ್ಲಿರಿ.

ನಲವತ್ತು ವರ್ಷ ಜೋಳ ಸುರಿದ ನನ್ನ ಹೆಂಡತಿಯೂ ಅದರಲ್ಲಿಲ್ಲ. ಈಗ ಊಟಕ್ಕೆ ಕುಳಿತರೆ, “ರೊಟ್ಟಿ ಯಾರಿಗಿ ಕೇಳ್ತೀರಿ? ಲೆಕ್ಕದಾಗ ನಾ ಇಲ್ಲಲ್ರಿ!” ಎನ್ನುತ್ತಾಳೆ.

ನನ್ನ ಪೆದ್ದುತನ ಒಪ್ಪಿದ್ದಾಯಿತು. ತಮ್ಮ ಜಾಣತನದ ಕತೆ ಏನು? ಜನವರಿಯ ಸುಗ್ಗಿ ಆರಾಧನೆಗೆ ತಾವೇ ಬಂದಿರಿ. ತುಂಬಿದ ಡಬ್ಬದ ಮೇಲೆ ಕೈಯಿಟ್ಟು ಆಶೀರ್ವದಿಸಿದಿರಿ. ಅದೇ ಜೋಳದ ಮೂರು ರೊಟ್ಟಿ ತಿಂದು ನಾಲ್ಕನೆಯದಕ್ಕೆ ಸಂಕೋಚಪಟ್ಟಿರಿ. ಅಷ್ಟು ಜೋಳ ಹದಿನಾಲ್ಕು ಲಕೋಟೆಗಳಿಂದ ಉದುರಿತೆಂದು ತಿಳಿದಿರಾ?

ಆ ಜೋಳದ ಹಿಟ್ಟು ಮರೆಮ್ಮನ ಚೀಲದಲ್ಲಿ, ಕಲ್ಲಿನ ಧೂಳು ಕುಡಿದು ಎದೆ ಕೆಟ್ಟವರ ಮನೆಗಳಿಗೆ ಹೋಗುತ್ತದೆ. ಮೂವತ್ತು ವರ್ಷ ಪರ್ಸಿ ಕಲ್ಲಿಗೆ ಪಾಲಿಶ್ ಮಾಡಿದ ಗೊಲ್ಲಾಳಪ್ಪ ನಮ್ಮ ಸಭೆಯವನೂ ಅಲ್ಲ. ಮಗಳು ಕೂಲಿಗೆ ಹೋದರೆ ಹಗಲೆಲ್ಲ ಒಬ್ಬನೇ. ಮಲಗಿದರೆ ಉಸಿರು ಕಟ್ಟುತ್ತದೆ, ಏಳಲು ಕಸುವಿಲ್ಲ. ಮರೆಮ್ಮ ಅವನನ್ನು ಎಬ್ಬಿಸಿ, ಗೋಡೆಗೆ ಒರಗಿಸಿ, ಬೆನ್ನು ಒರೆಸಿ, ಅಂಬಲಿ ಕುಡಿಸುತ್ತಾಳೆ. ಸುದ್ದಿ ತಿಳಿಸಲು ನಾನೂ ಜೊತೆಗೆ ಹೋದೆ.

“ಈ ಸರ್ ಭಾಳ ಚಂದ ಅಕ್ಷರದಾಗ ನನಗ ಚಿಂಚೋಳಿಗಿ ಕಳಸ್ಯಾರ, ಕಾಕಾ,” ಎಂದಳು ಮರೆಮ್ಮ.

ಗೊಲ್ಲಾಳಪ್ಪ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ, “ಹಂಗಾದ್ರ ನನಗ ಎಬ್ಬಸಿ ಕುಂದ್ರಸೋರು ಯಾರ್ರಿ, ಸರ?” ಎಂದು ಕೇಳಿದ.

ಸೇಡಂನಿಂದ ವಾಡಿಯವರೆಗೆ ಕೇಳದವರಿಗೂ ಉತ್ತರ ಹೇಳುತ್ತ ಬಂದ ನಾನು ಈ ಪ್ರಶ್ನೆಯನ್ನು ಮಾತ್ರ ಹಾಳೆಯ ಮೇಲೆ ಬರೆದುಕೊಂಡು ಬಂದೆ. ಅದನ್ನೀಗ ತಮಗೇ ಒಪ್ಪಿಸುತ್ತಿದ್ದೇನೆ. ಮೇ ತಿಂಗಳ ಯಾವ ಭಾನುವಾರವಾದರೂ ಬನ್ನಿ, ಹೆಸರು ಕೇಳದೆ ತಲೆ ಎಣಿಸಿ, ವರ್ಗಾವಣೆ ರದ್ದುಮಾಡಿ. ಆಗದೆಂದರೆ, ಗೊಲ್ಲಾಳಪ್ಪನನ್ನು ಜುಲೈ ಒಂದರ ಬೆಳಿಗ್ಗೆ ಯಾರು ಎಬ್ಬಿಸಬೇಕೆಂದು, ಈ ಬಹಿರಂಗ ಪತ್ರ ಅಚ್ಚಾದ ಇದೇ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ, ತಮ್ಮ ಸಹಿಯೊಂದಿಗೆ ಉತ್ತರಿಸಿ.

ಇಂತಿ,
ಎಣಿಸಲು ಈಗಷ್ಟೇ ಕಲಿಯುತ್ತಿರುವ ಗಣಿತದ ಮಾಸ್ತರ,
ದೇವಿಂದ್ರ, ಸಭೆಯ ಕಾರ್ಯದರ್ಶಿ (ಇನ್ನೂ ತೆಗೆದುಹಾಕಿಲ್ಲ)